ವೆಂಕಟರಮಣಪ್ಪನ ಚಂದ್ರಲೋಕದ ಬಸ್ಸು

ಮಾಕಳಿಯ ವೆಂಕಟರಮಣಪ್ಪ ಸಂಜೆ ಕೆಲಸ ಮುಗಿಸಿ ಮನೆಗೆ ಬಂದ ಕೂಡಲೇ ಹೆಂಡತಿ ಅಶ್ವತ್ಥಮ್ಮ ಅವನ ಜೇಬು ನೋಡುತ್ತಿದ್ದಳು. ಎರಡೂ ಜೇಬು ಉಬ್ಬಿದ್ದರೆ, "ಇವತ್ತೂ ಕಸ ಬಳ್ಕೊಂಡು ಬಂದ್ರಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಕಾಫಿಗೆ ನೀರಿಡಲು ಹೋಗುತ್ತಿದ್ದಳು. ಅದರಲ್ಲಿ ಅಂಥ ಕೋಪವೇನೂ ಇರುತ್ತಿರಲಿಲ್ಲ. ಊರಲ್ಲಿ ಕೆಲವರ ಗಂಡಂದಿರು ಸಂಜೆ ಹೊಟ್ಟೆಗೆ ಏನೇನು ತುಂಬಿಕೊಂಡು ಬರುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಜೇಬಿಗೆ ತುಂಬಿಕೊಂಡು ಬರುವವನು ಎಷ್ಟೋ ವಾಸಿ.

ವೆಂಕಟರಮಣಪ್ಪನಿಗೆ ಪೀಣ್ಯದಲ್ಲಿ ಕೆಲಸ. ರೇಡಿಯೊ ತಿರುಪು, ಸ್ವಿಚ್ಚು, ಪ್ಲಗ್ಗು ಇಂಥವನ್ನೆಲ್ಲ ಮಾಡುವ, ಶೀಟಿನ ಸೂರಿನ ಒಂದು ಸಣ್ಣ ಕಾರ್ಖಾನೆ. ಕರಗಿದ ಪ್ಲಾಸ್ಟಿಕ್ಕನ್ನು ಹಿಡಿ ಎಳೆದು ಅಚ್ಚಿಗೆ ಇಳಿಸಬೇಕು, ಆರಿದ ಮೇಲೆ ಅಚ್ಚು ಬಿಚ್ಚಿ ಸಾಮಾನು ತೆಗೆಯಬೇಕು. ಸಾಮಾನಿನ ಜೊತೆಗೆ ಕವಲು ಕವಲಾದ ಪ್ಲಾಸ್ಟಿಕ್ ಕಡ್ಡಿಗಳೂ ಬರುತ್ತವೆ. ಅವನ್ನು ಮುರಿದು ಬುಟ್ಟಿಗೆ ಎಸೆಯಬೇಕು. ಎಷ್ಟೋ ವರ್ಷ ಅವನೂ ಎಲ್ಲರ ಹಾಗೆ ಎಸೆದ. ಊರಲ್ಲಿ ಇದ್ದ ರಾಗಿ ಹೊಲವನ್ನು ತಮ್ಮ ನೋಡಿಕೊಳ್ಳುತ್ತಿದ್ದ. ಮಗಳು ಸೊಣ್ಣಮ್ಮ ಹೊಲಿಗೆ ಕಲಿಯುತ್ತಿದ್ದಳು. ಅಲ್ಲಿಯವರೆಗೆ ವೆಂಕಟರಮಣಪ್ಪನ ಬಗ್ಗೆ ಊರಿನವರು ಆಡಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಅವನನ್ನು ಕೆಡಿಸಿದ್ದು ಒಂದು ಇಂಗ್ಲಿಷ್ ಪಿಕ್ಚರು. ಎಪ್ಪತ್ತೊಂಬತ್ತೋ ಎಂಬತ್ತೋ ಇರಬೇಕು. ಪೀಣ್ಯದಲ್ಲಿ ಗುಜರಿ ಅಂಗಡಿ ಇಟ್ಟಿದ್ದ ಗೆಳೆಯ ಶ್ಯಾಮಣ್ಣ ವಾರದ ರಜೆಯಲ್ಲಿ ಅವನನ್ನು ಮೆಜೆಸ್ಟಿಕ್ಕಿಗೆ ಕರೆದುಕೊಂಡು ಹೋದ. ಆಕಾಶದಲ್ಲಿ ಓಡಾಡುವ ಹಡಗಿನ ಕಥೆ. ಮಾತು ಇಬ್ಬರಿಗೂ ಅರ್ಥವಾಗಲಿಲ್ಲ. ಶ್ಯಾಮಣ್ಣ ಇಂಟರ್‌ವಲ್‌ನಲ್ಲಿ ತಿಂದ ಸಮೋಸ ಚೆನ್ನಾಗಿತ್ತು ಅಂದುಕೊಂಡು ಹೊರಗೆ ಬಂದ. ವೆಂಕಟರಮಣಪ್ಪ ಮಾತ್ರ ಬಸ್‌ಸ್ಟ್ಯಾಂಡಿನವರೆಗೂ ದಾರಿಯಲ್ಲಿ ನಿಂತ ಲಾರಿಗಳ ತಳವನ್ನು ಬಗ್ಗಿ ಬಗ್ಗಿ ನೋಡುತ್ತ ನಡೆದ.

"ಅದ್ರ ಹೊಟ್ಟೆ ನೋಡ್ದ್ಯಾ ಶ್ಯಾಮಣ್ಣ?" ಎಂದ ಕೊನೆಗೆ.

"ಯಾರ ಹೊಟ್ಟೆ? ಆ ದಪ್ಪನ ಸೇನಾಪತೀದಾ?"

"ಅಡಗಿಂದು ಕಣಯ್ಯ. ತಳ ತೋರ್ಸುದ್ರಲ್ಲ, ಎಷ್ಟು ಪೈಪು, ಎಷ್ಟು ಪೆಟ್ಟಿಗೆ, ಎಷ್ಟು ಕಿಂಡಿ! ಲಾರಿ ಕೆಳಗೆ ಮಲೀಕೊಂಡು ನೋಡ್ದಂಗೆ ಇರ್ನಿಲ್ವಾ?"

ಶ್ಯಾಮಣ್ಣನಿಗೆ ಹಾಗೇನೂ ಅನ್ನಿಸಿರಲಿಲ್ಲ.

ಮುಂದಿನ ವಾರ ವೆಂಕಟರಮಣಪ್ಪ ಒಂದು ಸೋಪಿನ ಡಬ್ಬಿಗೆ ತಗಡಿನ ರೆಕ್ಕೆ ಅಂಟಿಸಿ, ನೀಲಿ ಬಣ್ಣ ಬಳಿದು, ಗೂಡಿನಲ್ಲಿಟ್ಟು ದೂರ ನಿಂತು ನೋಡಿದ. ಅಶ್ವತ್ಥಮ್ಮ ಪಕ್ಕದಲ್ಲಿ ಬಂದು ನಿಂತಳು.

"ಸೋಪಿನ ಡಬ್ಬಿಗೆ ಯಾಕೆ ರೆಕ್ಕೆ ಅಂಟ್ಸಿದೀರಿ?"

ಮಾತು ನಾಟಿತು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಅದು ಸೋಪಿನ ಡಬ್ಬಿಯಷ್ಟೇ ಇತ್ತು, ಅದಕ್ಕಿಂತ ಒಂದು ಚೂರೂ ದೊಡ್ಡದಾಗಿ ಕಾಣುತ್ತಿರಲಿಲ್ಲ. ಅವನು ಯೋಚನೆ ಮಾಡಿದ. ಮರುದಿನ ಮಿಷನ್ನಿನ ಮುಂದೆ ನಿಂತಾಗ ಬುಟ್ಟಿಗೆ ಎಸೆಯಬೇಕಾದ ಕವಲು ಕಡ್ಡಿ ಕೈಯಲ್ಲೇ ಉಳಿಯಿತು. ಡಬ್ಬಿಯ ಪಕ್ಕಕ್ಕೆ ಹಿಡಿದರೆ ಪೈಪಿನ ಹಾಗೆಯೇ ಕಾಣುತ್ತದಲ್ಲ! ಓನರಿಗೆ ಹೇಳಿ ನಾಲ್ಕು ಕಡ್ಡಿ ಜೇಬಿಗೆ ಹಾಕಿಕೊಂಡ. ಆಮೇಲೆ ಒಡೆದ ಸ್ವಿಚ್ಚಿನ ಒಳಗಿನ ಹಿತ್ತಾಳೆ ತುಂಡು, ಪೆನ್ನಿನ ಸ್ಪ್ರಿಂಗು, ಟೂತ್‌ಪೇಸ್ಟಿನ ಮುಚ್ಚಳ, ಹಲ್ಲು ಮುರಿದ ಬಾಚಣಿಗೆ. ಎಲ್ಲವನ್ನೂ ಪಂಚರ್ ಸಲ್ಯೂಷನ್ನು ಹಾಕಿ ಡಬ್ಬಿಗೆ ಅಂಟಿಸಿದ. ಅಂಟಿಸಿದಾಗ ತಿಪ್ಪೆಯ ಹಾಗೆ ಕಂಡಿತು. ಆದರೆ ಮಿಷನ್ನಿಗೆ ಹೊಡೆಯುವ ಬೂದು ಬಣ್ಣವನ್ನು ಒಂದು ಕೈ ಹೊಡೆದದ್ದೇ ತಡ, ಬಾಚಣಿಗೆ ಬಾಚಣಿಗೆಯಾಗಿ ಉಳಿಯಲಿಲ್ಲ, ಮುಚ್ಚಳ ಮುಚ್ಚಳವಾಗಿ ಉಳಿಯಲಿಲ್ಲ. ಅಂಗೈಯಗಲದ ಡಬ್ಬಿ ಆಳು ಹತ್ತಿ ಇಳಿಯುವ ಹಡಗಾಗಿಬಿಟ್ಟಿತು.

ಅವತ್ತಿನಿಂದ ಮನೆಯಲ್ಲಿ ಸಣ್ಣ ಸಾಮಾನುಗಳಿಗೆ ಉಳಿಗಾಲ ಇರಲಿಲ್ಲ. ಸೊಣ್ಣಮ್ಮನ ಹೊಲಿಗೆ ಡಬ್ಬಿಯಿಂದ ಟಿಚ್ ಬಟನ್ನು ಮಾಯವಾದವು. ರವಿಕೆಗೆ ಹುಕ್ಕು ಹಾಕಬೇಕೆಂದರೆ ತಾಯಿ ಮಗಳು ಮೊದಲು ಗೂಡಿನ ಮುಂದೆ ನಿಂತು ಯಾವ ಗಾಡಿಗೆ ಅಂಟಿಕೊಂಡಿದೆ ಎಂದು ಹುಡುಕಬೇಕಾಯಿತು. ಔಷಧಿ ಶೀಸೆಯ ರಬ್ಬರು, ಸೈಕಲ್ ವಾಲ್ವಿನ ಟೋಪಿ, ನಿಂತುಹೋದ ಗಡಿಯಾರದ ಹಲ್ಲುಚಕ್ರ ಎಲ್ಲಕ್ಕೂ ಆಕಾಶದಲ್ಲಿ ಕೆಲಸ ಸಿಕ್ಕಿತು. ವೆಂಕಟರಮಣಪ್ಪ ಯುದ್ಧದ ಹಡಗು ಮಾಡಿದವನಲ್ಲ. ಚಂದ್ರನ ಮೇಲೆ ಊರು ಕಟ್ಟಿದರೆ ಅಲ್ಲಿಯವರಿಗೂ ನೀರು ಬೇಕಲ್ಲ ಎಂದು ಟ್ಯಾಂಕರ್ ಮಾಡಿದ. ಹಾಲಿನ ವ್ಯಾನು ಮಾಡಿದ. ಮರಳು ಹೊಡೆಯುವ ಲಾರಿ ಮಾಡಿದ. ಅಲ್ಲಿ ಮರಳಿಗೇನು ಬರ ಎಂದು ಶ್ಯಾಮಣ್ಣ ಕೇಳಿದ್ದಕ್ಕೆ, "ಮರಳಿದ್ರೆ ಆಯ್ತಾ, ಸಾಗ್ಸೋರು ಬ್ಯಾಡ್ವಾ?" ಅಂದ.

ನೋಡಲು ಬಂದ ಊರಿನವರು ಕೇಳುತ್ತಿದ್ದುದು ಒಂದೇ ಪ್ರಶ್ನೆ. "ಓಡ್ತದಾ?"

"ಓಡಲ್ಲ."

"ಮತ್ಯಾಕೆ?"

ವೆಂಕಟರಮಣಪ್ಪ ಬಗ್ಗಿ ಗಾಡಿಯ ಮೇಲಿನ ಧೂಳು ಒರೆಸುತ್ತಿದ್ದ. ಬಂದವರು ಪಾಪ ಅನ್ನುವ ಮುಖ ಮಾಡಿಕೊಂಡು ಕಾಫಿ ಕುಡಿದು ಹೋಗುತ್ತಿದ್ದರು.

ಎಂಬತ್ತಮೂರರಲ್ಲಿ ಸೊಣ್ಣಮ್ಮನಿಗೆ ಒಂದು ಸಂಬಂಧ ಬಂತು. ವೈಟ್‌ಫೀಲ್ಡ್ ಹತ್ತಿರದ ಪಟ್ಟಂದೂರು ಅಗ್ರಹಾರದವರು. ಗಂಡಿನ ತಂದೆ ನಲ್ಲಪ್ಪ ಖಾಸಗಿ ಬಸ್ಸಿನ ಡ್ರೈವರು. ಮೀಸೆ ದೊಡ್ಡದು, ಮಾತು ಕಡಿಮೆ. ಮಾತಿನ ಪಾಲನ್ನೆಲ್ಲ ಹೆಂಡತಿ ಬೈರಮ್ಮ ನೋಡಿಕೊಳ್ಳುತ್ತಿದ್ದಳು. ಗಂಡು ಮುನಿಕೃಷ್ಣನಿಗೆ ಫ್ಯಾಕ್ಟರಿ ಕೆಲಸ. ಭಾನುವಾರ ಮಧ್ಯಾಹ್ನದ ಮೇಲೆ ಹೆಣ್ಣು ನೋಡಲು ಬರುತ್ತೇವೆಂದು ಹೇಳಿಕಳಿಸಿದರು.

ಅಶ್ವತ್ಥಮ್ಮ ಶನಿವಾರವೇ ಗಂಡನ ಮುಂದೆ ನಿಂತಳು. "ನೋಡಿ, ಬರೋರ ಕಣ್ಣಿಗೆ ನಿಮ್ಮ ಒಂದು ಗಾಡೀನೂ ಬೀಳ್ಬಾರ್ದು. ಉಡುಗಿ ಅಪ್ಪಂಗೆ ತಲೆ ನೆಟ್ಟಗಿಲ್ಲ ಅಂದ್ಕೊಂಡ್ರೆ ಏನ್ ಮಾಡಾದು?"

ವೆಂಕಟರಮಣಪ್ಪ ಎಲ್ಲವನ್ನೂ ರಾಗಿ ಮೂಟೆಗಳ ಹಿಂದೆ ಸಾಲಾಗಿ ನಿಲ್ಲಿಸಿದ. ಒಂದು ಮಾತ್ರ ಅಲ್ಲಿ ಹಿಡಿಯಲಿಲ್ಲ. ಅವನು ಬಹಳ ದಿನದಿಂದ ಮಾಡುತ್ತಿದ್ದ ಚಂದ್ರಲೋಕದ ಬಸ್ಸು ಅದು. ಒಂದು ಹಳೆಯ ವಾಲ್ವ್ ರೇಡಿಯೊದ ಪೆಟ್ಟಿಗೆಯೇ ಅದರ ಒಡಲು. ಮೇಲಕ್ಕೆತ್ತಿದರೆ ಅಟ್ಟದ ಬಾಗಿಲಲ್ಲಿ ಸಿಕ್ಕಿಕೊಂಡಿತು, ಮಂಚದ ಕೆಳಗೆ ತಳ್ಳಿದರೆ ಮೇಲಿನ ಸರಂಜಾಮು ಮುರಿಯುತ್ತಿತ್ತು. ಕೊನೆಗೆ ಅಶ್ವತ್ಥಮ್ಮ ಅದನ್ನು ಮೂಲೆಯ ಮೇಜಿನ ಮೇಲಿಟ್ಟು, ಹೂವಿನ ಬೆಡ್‌ಶೀಟು ಹೊದಿಸಿ, ಮೇಲೊಂದು ಪ್ಲಾಸ್ಟಿಕ್ ಹೂಕುಂಡ ಇಟ್ಟಳು.

ಬೀಗರಾಗಬೇಕಾದವರು ಬಂದು ಕೂತರು. ಕೇಸರಿಬಾತು ಬಂತು, ಬೋಂಡ ಬಂತು. ಸೊಣ್ಣಮ್ಮ ಕಾಫಿ ಕೊಟ್ಟು ತಾಯಿಯ ಪಕ್ಕ ನಿಂತಳು. ಬೈರಮ್ಮ ಹುಡುಗಿಯನ್ನು ಒಂದು ಸಲ ನೋಡಿದರೆ ಮೂಲೆಯನ್ನು ಎರಡು ಸಲ ನೋಡುತ್ತಿದ್ದಳು. ಆ ವರ್ಷಗಳಲ್ಲಿ ಬೆಂಗಳೂರಿನ ಸುತ್ತಮುತ್ತ ಆಗಷ್ಟೇ ಟೀವಿ ಬರುತ್ತಿತ್ತು. ಇದ್ದವರು ಅದಕ್ಕೆ ಬಟ್ಟೆ ಹೊದಿಸಿ, ಮೇಲೆ ಹೂಕುಂಡ ಇಡುವುದೂ ವಾಡಿಕೆಯಾಗಿತ್ತು.

"ಟೀವಿ ತಗೊಂಡವ್ರೆ" ಎಂದಳು ಗಂಡನ ಕಡೆ ಬಾಗಿ. ಪಿಸುಮಾತೇ, ಆದರೆ ಬೈರಮ್ಮನ ಪಿಸುಮಾತು ಅಡುಗೆಮನೆಗೂ ಕೇಳುವಂಥದ್ದು.

"ಮನೆ ಮ್ಯಾಲೆ ಆಂಟೆನಾ ಕಾಣ್ನಿಲ್ವಲ್ಲ" ಎಂದ ನಲ್ಲಪ್ಪ.

"ಒಳಗೇ ಐತೆ ನೋಡಿ. ಕಡ್ಡಿ ಈಚೆಗೆ ಬಂದೈತೆ."

ನಿಜ. ಬಸ್ಸಿನ ನೆತ್ತಿಗೆ ಹಾಕಿದ್ದ ಟ್ರಾನ್ಸಿಸ್ಟರಿನ ಏರಿಯಲ್ಲು ಬೆಡ್‌ಶೀಟಿನ ಸಂದಿಯಿಂದ ಹೊರಗೆ ಇಣುಕುತ್ತಿತ್ತು. ಅಶ್ವತ್ಥಮ್ಮ ಹೌದೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಟೀವಿ ಇರುವ ಮನೆಯ ಹುಡುಗಿ ಅಂದುಕೊಂಡರೆ ಅಂದುಕೊಳ್ಳಲಿ ಎಂದು ಬೋಂಡ ಬಡಿಸಿದಳು. ಸುಮ್ಮನಿದ್ದದ್ದೇ ತಪ್ಪಾಯಿತು. ಹೊತ್ತು ಇಳಿಯುತ್ತಿದ್ದಂತೆ ಬೈರಮ್ಮ ಕೈ ತೊಳೆದುಕೊಂಡು ಬಂದು ಗೋಡೆಗೆ ಒರಗಿ ಆರಾಮಾಗಿ ಕೂತಳು.

"ಭಾನುವಾರದ ಪಿಚ್ಚರ್ ಸುರುವಾಗೋ ಒತ್ತಾಯ್ತು. ಒಸಿ ಆಕಿ ತಾಯಿ. ನೋಡ್ಕೊಂಡೇ ಓಗಣ."

"ಅದೂ... ಕರೆಂಟಿಲ್ಲ" ಎಂದಳು ಅಶ್ವತ್ಥಮ್ಮ.

ಎಲ್ಲರೂ ತಲೆಯೆತ್ತಿ ನೋಡಿದರು. ನೆತ್ತಿಯ ಮೇಲೆ ಬಲ್ಬು ಉರಿಯುತ್ತಿತ್ತು. ಗಂಡು ಮುನಿಕೃಷ್ಣ ತಟ್ಟನೆ ನೆಲ ನೋಡತೊಡಗಿದ. ಅವನ ಭುಜ ಕುಲುಕುತ್ತಿದ್ದುದನ್ನು ಸೊಣ್ಣಮ್ಮ ಒಬ್ಬಳೇ ಗಮನಿಸಿದಳು.

ಹೆಂಡತಿಯನ್ನು ಇನ್ನೊಂದು ಸುಳ್ಳಿಗೆ ದೂಡಲು ವೆಂಕಟರಮಣಪ್ಪನಿಗೆ ಮನಸ್ಸು ಬರಲಿಲ್ಲ. ಎದ್ದು ಹೋಗಿ ಹೂಕುಂಡ ಕೆಳಗಿಟ್ಟು ಬೆಡ್‌ಶೀಟು ಎಳೆದ.

ಬೈರಮ್ಮ ಕೂತಲ್ಲಿಂದಲೇ ಕತ್ತು ಚಾಚಿ ನೋಡಿದಳು. ಆಮೇಲೆ, "ಇದ್ಯಾವ ಕಂಪ್ನಿ ಟೀವಿ?" ಎಂದಳು.

"ಟೀವಿ ಅಲ್ಲಮ್ಮ. ಬಸ್ಸು."

"ಎಲ್ಲಿಗೆ ಓಗೋ ಬಸ್ಸು?"

"ಚಂದ್ರಲೋಕಕ್ಕೆ."

ಅಶ್ವತ್ಥಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಒಳಗೆ ಹೋದಳು. ಆದರೆ ನಲ್ಲಪ್ಪ ಎದ್ದಿದ್ದ. ಬಸ್ಸನ್ನು ಆ ಕಡೆಯಿಂದಲೂ ಈ ಕಡೆಯಿಂದಲೂ ನೋಡಿದ, ಪಂಚೆ ಎತ್ತಿ ಕಟ್ಟಿ ಮೇಜಿನ ಮುಂದೆ ಕುಕ್ಕರಗಾಲಲ್ಲಿ ಕೂತ, ತಲೆ ಓರೆ ಮಾಡಿ ತಳ ನೋಡಿದ. ಎಂದಿನ ಪ್ರಶ್ನೆ ಬರುತ್ತದೆಂದು ವೆಂಕಟರಮಣಪ್ಪ ಕಾದು ನಿಂತ.

"ಡ್ರೈವರ್ ಎಲ್ಲಿ ಕುಂತ್ಕತಾನೆ?" ಎಂದ ನಲ್ಲಪ್ಪ.

ವೆಂಕಟರಮಣಪ್ಪ ತಬ್ಬಿಬ್ಬಾದ. ಮುಂಭಾಗದ ಕಿಂಡಿ ತೋರಿಸಿದ.

"ಅಲ್ಲಿಂದ ರೋಡ್ ಕಾಣ್ತದಾ? ಮೂತಿ ಅಡ್ಡ ಬಂದೈತಲ್ಲ. ಜನ ಎಲ್ಲಿ ಅತ್ತಾರೆ? ಸರಿ. ಲಗೇಜು? ಮ್ಯಾಲಕ್ಕೆ ಅತ್ತೋಕೆ ಏಣಿ ಎಲ್ಲಿ?" ಬೆರಳು ಒಂದು ಪೈಪಿನ ಮೇಲೆ ಬಂದು ನಿಂತಿತು. "ಈ ಪೈಪು ಎಲ್ಲಿಂದ ಬಂದು ಎಲ್ಲಿಗೆ ಓಯ್ತದೆ?"

ಅಚ್ಚಿನ ಕಡ್ಡಿಯಿಂದ ಮಾಡಿದ ಆ ಪೈಪು ಬಾಗಿಲ ಪಕ್ಕ ಹುಟ್ಟಿ, ಸೊಗಸಾಗಿ ಎರಡು ಕಡೆ ಬಾಗಿ, ಒಂದು ಟಿಚ್ ಬಟನ್ನಿನ ಹತ್ತಿರ ಬಂದು ಸುಮ್ಮನೆ ನಿಂತುಬಿಟ್ಟಿತ್ತು.

"ಅದೂ... ಚೆಂದಕ್ಕೆ ಆಕಿರಾದು."

ನಲ್ಲಪ್ಪ ಎದ್ದು ಮಂಡಿ ಒರೆಸಿಕೊಂಡ. "ಚೆಂದಕ್ಕೆ ಪೈಪ್ ಆಕಿರೋ ಗಾಡೀನ ನಾನು ಓಡ್ಸಲ್ಲಪ್ಪ."

ಅದರ ಹಿಂದೆಯೇ ಬೈರಮ್ಮ ಬಸ್ಸಿನ ನೆತ್ತಿ ತೋರಿಸಿ, "ಇದು ಕುಕ್ಕರ್ ವಿಷಲ್ ಅಲ್ವಾ?" ಅಂದಳು. ಒಳಗಿನಿಂದ ಅಶ್ವತ್ಥಮ್ಮ ಓಡಿ ಬಂದು ನೋಡಿದಳು. ಅದಕ್ಕಾಗಿ ಅವಳು ಹಿತ್ತಲಿನ ಪಾತ್ರೆ ತೊಳೆಯುವ ಜಾಗವನ್ನೆಲ್ಲ ಕೆದಕಿದ್ದಳು.

ಮುಸ್ಸಂಜೆಯ ಬಸ್ಸಿಗೆ ಅವರು ಹೊರಟರು. ಹುಡುಗಿಯ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಆಮೇಲಿನ ದಿನಗಳು ಆ ಮನೆಯಲ್ಲಿ ಸಾವಿನ ಮನೆಯ ಹಾಗೆ ಇದ್ದವು. ಅಶ್ವತ್ಥಮ್ಮ ಗಂಡನ ಜೇಬನ್ನೂ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ಅನ್ನ ಬಡಿಸುವಾಗ ತಟ್ಟೆಯ ಜೊತೆ ಮಾತಾಡುತ್ತಿದ್ದಳು. "ಒಂದು ಒಳ್ಳೆ ಸಂಬಂಧ ಕೈ ತಪ್ಪೋಯ್ತು. ಬಸ್ ಅಂತೆ, ಚಂದ್ರಲೋಕ ಅಂತೆ."

ವೆಂಕಟರಮಣಪ್ಪನಿಗೂ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಮಗಳ ಮದುವೆಯ ಚಿಂತೆ ಇತ್ತು, ಸುಳ್ಳಲ್ಲ. ಆದರೆ ಕಣ್ಣು ಮುಚ್ಚಿದರೆ ಆ ಪೈಪು ಕಾಣುತ್ತಿತ್ತು. ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ? ಇಷ್ಟು ವರ್ಷದಲ್ಲಿ ಅವನ ಗಾಡಿಯನ್ನು ಗಾಡಿಯೆಂದು ತಿಳಿದು ತಪ್ಪು ಹುಡುಕಿದವನು ನಲ್ಲಪ್ಪ ಒಬ್ಬನೇ. ಅದರಿಂದ ಅವಮಾನವಾಗಿದೆಯೋ ಸಂತೋಷವಾಗಿದೆಯೋ ಅವನಿಗೇ ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ಚಾಕು ಹಿಡಿದು ಕೂತು ಅರ್ಧ ಬಸ್ಸನ್ನು ಕೆರೆದು ತೆಗೆದ. ಮೊದಲು ಸಿಗರೇಟಿನ ತಗಡಿನ ಡಬ್ಬಿಯಿಂದ ಒಂದು ಟ್ಯಾಂಕಿ ಮಾಡಿದ, ಆಮೇಲೆ ಪೈಪು. ಪೈಪು ಟ್ಯಾಂಕಿಯಲ್ಲಿ ಹುಟ್ಟಿ ಇಂಜಿನ್ನಿಗೆ ಹೋಯಿತು. ಬಾಚಣಿಗೆಯ ಹಲ್ಲುಗಳಿಂದ ಏಣಿ ಬಂತು, ಜರಡಿಯ ತಂತಿಯಿಂದ ಲಗೇಜಿನ ಕಟಕಟೆ. ಮೂತಿಯನ್ನು ಅರದಿಂದ ಉಜ್ಜಿ ತಗ್ಗಿಸಿದ. ವಿಷಲನ್ನು ಮಾತ್ರ ಕಿತ್ತು, ತೊಳೆದು, ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಅದಾಗಲೇ ಹೊಸದು ಬಂದಿತ್ತು. ಅಶ್ವತ್ಥಮ್ಮ ಮುಟ್ಟಲಿಲ್ಲ.

"ಮದ್ವೆ ಮುರಿದೈತೆ, ಅಪ್ಪ ಪೈಪ್ ರಿಪೇರಿ ಮಾಡ್ತವ್ರೆ" ಎಂದಳು ಮಗಳಿಗೆ.

"ಮುರೀತು ಅಂತ ಅವ್ರೇನೂ ಏಳ್ನಿಲ್ವಲ್ಲಮ್ಮ" ಎಂದಳು ಸೊಣ್ಣಮ್ಮ. ಕುಲುಕಿದ ಭುಜದ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ.

ಕೆಲವು ದಿನಗಳಾದ ಮೇಲೆ ನಲ್ಲಪ್ಪ ಒಬ್ಬನೇ ಬಂದ. ಕೈಯಲ್ಲಿ ಒಂದು ಬಟ್ಟೆ ಚೀಲ. ಅಶ್ವತ್ಥಮ್ಮ ಬಾಗಿಲಲ್ಲೇ ಬಿಳಚಿಕೊಂಡಳು. ಇಷ್ಟು ದೂರ ಎರಡು ಬಸ್ಸು ಬದಲಾಯಿಸಿ, ಎದುರಿಗೆ ಕೂತು ಒಲ್ಲೆ ಅನ್ನಲು ಬಂದಿದ್ದಾನೆ, ದೊಡ್ಡ ಮನುಷ್ಯ ಅಂದುಕೊಂಡಳು. ಕೊಟ್ಟ ನೀರನ್ನು ನಲ್ಲಪ್ಪ ಕುಡಿದು, ಚೀಲವನ್ನು ಚಾಪೆಯ ಮೇಲೆ ಸುರಿದ. ಗಾಜು ಒಡೆದ ಮೀಟರಿನ ಸಣ್ಣ ಚಕ್ರಗಳು, ಸುಟ್ಟುಹೋದ ಬಲ್ಬುಗಳು, ಕೆಂಪು ಗಾಜಿನ ಎರಡು ಚೂರು, ಹಾರನ್ನಿನ ತಿರುಪು.

"ನಿಮ್ಮ ಗಾಡೀಗೆ ಸಿಗ್ನಲ್ ಇರ್ನಿಲ್ಲ" ಎಂದ. "ನಮ್ಮ ಬಸ್ ಶೆಡ್ನಾಗೆ ಬಿದ್ದಿದ್ವು, ಎತ್ಕಂಡ್ ಬಂದೆ. ಎಲ್ಲಿ, ಆ ಪೈಪ್ ಏನಾಯ್ತು?"

ವೆಂಕಟರಮಣಪ್ಪ ತೋರಿಸಿದ. ನಲ್ಲಪ್ಪ ಬೆರಳಿನಿಂದ ಟ್ಯಾಂಕಿಯಿಂದ ಇಂಜಿನ್ನಿನವರೆಗೆ ಹೋಗಿ, ವಾಪಸು ಬಂದ. "ಊಂ" ಅಂದ. ವೆಂಕಟರಮಣಪ್ಪನ ಮುಖ ನೋಡಿದವರು ಮದುವೆ ನಿಶ್ಚಯವಾಗಿದ್ದು ಅವನಿಗೇ ಅಂದುಕೊಳ್ಳಬೇಕು.

ಅಶ್ವತ್ಥಮ್ಮನಿಗೆ ತಡೆಯಲಾಗಲಿಲ್ಲ. "ಯಜಮಾನ್ರೇ, ಉಡುಗಿ ವಿಷ್ಯ ಏನಾದ್ರೂ ಒಂದು ಮಾತು ಏಳ್ಬಿಡಿ."

ನಲ್ಲಪ್ಪ ತಲೆಯೆತ್ತಿದ. "ಏನ್ ಏಳಾದು? ಅವತ್ತೇ ಒಪ್ಪಿದ್ವಲ್ಲ."

"ಯಾರೂ ಏಳ್ನಿಲ್ವಲ್ಲ!"

"ಬೈರಮ್ಮ ಏಳಿರ್ತಾಳೆ ಅಂದ್ಕಂಡೆ. ಎಲ್ಲಾ ಅವಳೇ ಅಲ್ವಾ ಮಾತಾಡಾದು." ಮೀಸೆ ಉಜ್ಜಿಕೊಂಡ. "ಬಸ್ಸಲ್ಲಿ ಓಗ್ತಾ ಅವಳು, ನೀವು ಏಳುದ್ರಾ ಅಂತ ಕೇಳ್ದಂಗಿತ್ತು. ನಾನು ಏಣಿ ವಿಷ್ಯ ಯೋಚ್ನೆ ಮಾಡ್ತಿದ್ದೆ, ಊಂ ಅಂದ್ಬಿಟ್ಟೆ ಕಾಣ್ತದೆ."

ಅಶ್ವತ್ಥಮ್ಮ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅಳಬೇಕೋ ಬೈಯಬೇಕೋ ತಿಳಿಯದೆ ಕೊನೆಗೆ ನಕ್ಕಳು. ಒಳಗೆ ಹೊಲಿಗೆ ಮಿಷನ್ನು ಇದ್ದಕ್ಕಿದ್ದಂತೆ ಜೋರಾಗಿ ಓಡತೊಡಗಿತು.

ಅಲ್ಲಿಂದ ಮುಂದೆ ನಲ್ಲಪ್ಪ ಮದುವೆಯ ಮಾತುಕತೆ ಎಂದು ಆಗಾಗ ಮಾಕಳಿಗೆ ಬರುತ್ತಿದ್ದ. ಛತ್ರ ಯಾವುದು, ಅಡುಗೆಯವರು ಯಾರು ಎಂಬುದನ್ನು ಹೆಂಗಸರಿಬ್ಬರೇ ಮುಗಿಸಿದರು. ಗಂಡಸರಿಬ್ಬರೂ ಪೀಣ್ಯದ ಶ್ಯಾಮಣ್ಣನ ಗುಜರಿಯಲ್ಲಿ ಕೂತು ರಾಶಿ ಕೆದಕುತ್ತಿದ್ದರು. "ಬೀಗರೇ, ಇದು ರೇಡಿಯೇಟರಿಗೆ ಆಯ್ತದಾ ನೋಡಿ." "ಒಸಿ ದೊಡ್ಡದಾಯ್ತು ಬೀಗರೇ." ಶ್ಯಾಮಣ್ಣನಿಗೆ ಇದು ಎಲ್ಲಿಗೆ ಮುಟ್ಟುತ್ತದೋ ಎಂದು ಕುತೂಹಲ.

ಅದು ಜಗಳಕ್ಕೆ ಮುಟ್ಟಿತು. ಮದುವೆ ಹತ್ತಿರ ಬಂದಾಗ, ಸೈಡ್ ಮಿರರ್ ವಿಷಯದಲ್ಲಿ.

ನಲ್ಲಪ್ಪ ಮಿರರ್ ಬೇಕೇ ಬೇಕು ಅಂದ. ವೆಂಕಟರಮಣಪ್ಪ ಒಪ್ಪಲಿಲ್ಲ. "ಆಕಾಶದಾಗೆ ಇಂದ್ಗಡೆ ಯಾರ್ ಬರ್ತಾರೆ ಬೀಗರೇ? ಆರನ್ ಒಡ್ಯೋರು ಯಾರವ್ರೆ ಅಲ್ಲಿ?"

"ನಿಮ್ಮ ಆಲಿನ ವ್ಯಾನು? ಟ್ಯಾಂಕರು? ಅವು ಬರಲ್ವಾ? ಇಂದೆ ನೋಡ್ದೆ ಬಲಕ್ಕೆ ತಿರುಗ್ಸುದ್ರೆ ಏನ್ ಗತಿ?"

"ಅಲ್ಲಿ ಬಲ ಎಡ ಅಂತ ಇರಲ್ಲ."

"ಬಲ ಎಡ ಇಲ್ದಿರೋ ಕಡೆ ಬಸ್ ಯಾಕ್ ಬಿಡ್ತೀರಿ?"

ನಲ್ಲಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಬೈರಮ್ಮ ಹೇಳಿಕಳಿಸಿದಳು: ನಮ್ಮೆಜಮಾನ್ರು ಊಟ ಮಾಡ್ತಿಲ್ಲ, ಅದೇನೋ ಕನ್ನಡಿ ಅಂತಾರೆ, ವರದಕ್ಷಿಣೆಗೆ ಕನ್ನಡಿ ಕೇಳಿದ್ದು ನಾವಲ್ಲ. ಇತ್ತ ವೆಂಕಟರಮಣಪ್ಪ, ಡ್ರೈವರಿಗೆ ಆಕಾಶದ ಬಗ್ಗೆ ಏನು ಗೊತ್ತು ಎಂದು ಗೊಣಗುತ್ತ ಓಡಾಡುತ್ತಿದ್ದ. ನಿಮಗೆಷ್ಟು ಗೊತ್ತು ಎಂದು ಅವನನ್ನು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಶ್ವತ್ಥಮ್ಮನಿಗಿತ್ತು, ಆದರೆ ಅವಳು ಹಪ್ಪಳ ಒಣಗಿಸುವುದರಲ್ಲಿ ಮುಳುಗಿದ್ದಳು.

ಸೊಣ್ಣಮ್ಮ ತನ್ನ ಮದುವೆಯ ರವಿಕೆಗೆ ಚಮಕಿ ಹಾಕುತ್ತಿದ್ದಳು. ಅಪ್ಪನ ಗೊಣಗಾಟ ಕೇಳಿ ಕೇಳಿ ಸಾಕಾಗಿ ಎದ್ದು ಬಂದಳು. ಕಡಲೆಕಾಳಿನಷ್ಟು ದೊಡ್ಡ, ಬೆಳ್ಳಿ ಬಣ್ಣದ ಒಂದು ಚಮಕಿ ತೆಗೆದುಕೊಂಡು, ಅಪ್ಪನ ಸಲ್ಯೂಷನ್ನಿನಲ್ಲೇ ಅದ್ದಿ, ಗುಂಡುಸೂಜಿಯ ತುದಿಗೆ ಅಂಟಿಸಿ, ಬಸ್ಸಿನ ಕಿಂಡಿಯ ಪಕ್ಕದಲ್ಲಿ ಚುಚ್ಚಿದಳು.

"ಒಂದೇ ಕಡೆ ಆಕಿದೀನಿ. ಡ್ರೈವರ್ ಕಡೆ" ಎಂದಳು. "ಅವ್ರ ಮಾತೂ ಆಯ್ತು, ನಿಮ್ಮ ಮಾತೂ ಆಯ್ತು. ಇನ್ನು ಓಗಿ ಕರ್ಕೊಂಡ್ ಬನ್ನಿ."

ವೆಂಕಟರಮಣಪ್ಪ ಬಗ್ಗಿ ನೋಡಿದ. ಬೂದು ಬಣ್ಣದ ಅಷ್ಟು ದೊಡ್ಡ ಗಾಡಿಯಲ್ಲಿ ಹೊಳೆಯುತ್ತಿದ್ದದ್ದು ಅದೊಂದೇ. ಕಿಂಡಿಯೊಳಗೆ ಈಗ ಯಾರೋ ಕೂತಿರುವಂತೆ ಕಂಡಿತು. ಅವನು ಅಂಗಿ ಹಾಕಿಕೊಂಡು, ಮಗಳು ಕರೆದು ಚಪ್ಪಲಿ ನೆನಪಿಸಿದ ಮೇಲೆ ಅದನ್ನೂ ಹಾಕಿಕೊಂಡು, ಮೆಜೆಸ್ಟಿಕ್ ಬಸ್ಸು ಹತ್ತಿದ.

ಬೀಗರಿಬ್ಬರೂ ಮದುವೆಯಲ್ಲಿ ಒಂದೇ ಎಲೆಯ ಸಾಲಿನಲ್ಲಿ ಕೂತು ಉಂಡರು. ವಾಲಗದವರ ಡೋಲಿನ ತಿರುಪನ್ನು ಇಬ್ಬರೂ ಒಟ್ಟಿಗೇ ದಿಟ್ಟಿಸುತ್ತಿದ್ದರೆಂದು ಅಶ್ವತ್ಥಮ್ಮ ಈಗಲೂ ಹೇಳುತ್ತಾಳೆ.

ಮದುವೆಯಾದ ಮೇಲೆ ಬಸ್ಸಿನದೊಂದು ಫೋಟೊ ತೆಗೆಸಬೇಕೆಂದು ನಲ್ಲಪ್ಪನಿಗೆ ಅನ್ನಿಸಿತು. ಇಬ್ಬರೂ ಅದನ್ನು ಸೀರೆ ಸುತ್ತಿ, ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ವೈಟ್‌ಫೀಲ್ಡಿನ ಒಂದು ಸ್ಟುಡಿಯೋಗೆ ಹೋದರು. ಫೋಟೊದವನು ಕೂಸಿನ ತಾಯಿ ಹೊರಗೆ ಇದ್ದಾಳೆಂದು ತಿಳಿದು ಬಾಗಿಲ ಕಡೆ ನೋಡುತ್ತಲೇ ಇದ್ದ. ವಿಷಯ ತಿಳಿದ ಮೇಲೆ, ಹಿಂದಿನ ಪರದೆ ಯಾವುದು ಬೇಕು ಎಂದು ಕೇಳಿದ. ಚಂದ್ರಲೋಕದ್ದು ಇದೆಯಾ ಎಂದ ವೆಂಕಟರಮಣಪ್ಪ. ಇರಲಿಲ್ಲ. ಇದ್ದದ್ದು ತಾಜ್‌ಮಹಲು, ಇಲ್ಲವೇ ಹಂಸಗಳಿರುವ ಕೊಳ.

ಬೀಗರಿಬ್ಬರೂ ಮೂಲೆಗೆ ಹೋಗಿ ಬಹಳ ಹೊತ್ತು ಮಾತಾಡಿಕೊಂಡರು. ಕೊಳದಲ್ಲಿ ಬಸ್ಸು ಮುಳುಗುತ್ತದೆ ಎಂದು ಕೊನೆಗೆ ತೀರ್ಮಾನವಾಯಿತು. ಅದಕ್ಕೇ ಪಟ್ಟಂದೂರು ಅಗ್ರಹಾರದ ಆ ಮನೆಯ ಗೋಡೆಯಲ್ಲಿ, ಮದುವೆಯ ಫೋಟೊದ ಪಕ್ಕದಲ್ಲೇ, ಚಂದ್ರಲೋಕದ ಬಸ್ಸು ತಾಜ್‌ಮಹಲಿನ ಮುಂದೆ ನಿಂತಿದೆ. ಎರಡು ಪಕ್ಕದಲ್ಲೂ ಬೀಗರು ಮೀಸೆ ತೀಡಿಕೊಂಡು, ಕಣ್ಣು ಮಿಟುಕಿಸದೆ ನಿಂತಿದ್ದಾರೆ. ಪ್ರವಾಸ ಹೋಗಿದ್ದು ಯಾವಾಗ ಎಂದು ಬಂದವರು ಕೇಳಿದರೆ ಬೈರಮ್ಮ, "ಅವ್ರಿಬ್ರೇ ಓಗಿದ್ರು, ನಮ್ಮುನ್ನ ಕರ್ಕೊಂಡ್ ಓಗ್ಲಿಲ್ಲ" ಅನ್ನುತ್ತಾಳೆ.